ಆಟೊಮ್ಯಾಟಿಕ್ ಮಕ್ಕಳಿಗೆ ಹ್ಯಾಂಡ್ ಗೇರ್ ಫಿಯಟ್ ಕಲಿಸಿದೆ

ಕ್ಲಚ್ ಪೆಡಲ್ ಅನ್ನೇ ತುಳಿಯದ ಹುಡುಗ ಹುಡುಗಿಯರು ಈಗ ನನ್ನ 86ರ ಪದ್ಮಿನಿ ಫಿಯಟ್ಟನ್ನು, ಅಂದರೆ ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಹ್ಯಾಂಡ್ ಗೇರ್ ಗಾಡಿಯನ್ನು, ಚಾಮುಂಡಿ ಬೆಟ್ಟ ಹತ್ತಿಸುತ್ತಾರೆ. ಏರಿನಲ್ಲಿ ನಿಲ್ಲಿಸಿದರೂ ಹಿಂದಕ್ಕೆ ಜಾರದ ಹಾಗೆ ಎತ್ತುತ್ತಾರೆ. ಮೈಸೂರಿನ ನಮ್ಮ ಹಳೇ ಗಾಡಿ ಗೆಳೆಯರಲ್ಲಿ ಇದನ್ನು ಒಬ್ಬರೂ ನಂಬಿರಲಿಲ್ಲ. ನಮ್ಮ ಮೆಕ್ಯಾನಿಕ್ ಅಂತೂ, "ಸ್ವಾಮಿ, ಈ ಹುಡುಗ್ರ ಕೈಗೆ ಕೊಡೋದಾದ್ರೆ ತಿಂಗಳಿಗೊಂದು ಕ್ಲಚ್ ಪ್ಲೇಟ್ ತಂದಿಟ್ಕೊಳಿ" ಅಂದುಬಿಟ್ಟರು.

ನನಗೆ ಹಠ ಬರಲು ಕಾರಣ ಇತ್ತು. ನಮ್ಮ ಗುಂಪಿನಲ್ಲಿ ಒಂದರ ಹಿಂದೆ ಒಂದು ಫಿಯಟ್ ಮಾರಾಟಕ್ಕೆ ಬಂದವು. ಗಾಡಿಗಳೇನೋ ಚೆನ್ನಾಗೇ ಇದ್ದವು. ಅಪ್ಪನಿಗೆ ಮಂಡಿ ನೋವು, ಮಗನಿಗೆ ಓಡಿಸೋಕೆ ಬರಲ್ಲ, ಅಷ್ಟೇ. ಮಕ್ಕಳನ್ನು ಬೈದು ಏನು ಪ್ರಯೋಜನ? ಅವರು ಬೆಳೆದದ್ದೇ ಆಕ್ಟಿವಾ ಮೇಲೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರು ಅಗ್ಗದ ಎಎಂಟಿ, ಅಂದರೆ ತಾನೇ ಗೇರ್ ಬದಲಿಸುವ ವ್ಯವಸ್ಥೆ, ತಂದಿತು, ಆಮೇಲೆ ಗೇರ್ ಹಾಕುವ ಕೆಲಸ ಮನೆಮನೆಯಲ್ಲೂ ಕಡಿಮೆ ಆಯಿತು. ನಮ್ಮ ಲೈಸೆನ್ಸಿನಲ್ಲಿ ಬೈಕಿಗೆ ಗೇರ್ ಇರುವುದು, ಇಲ್ಲದ್ದು ಅಂತ ಬೇರೆ ಬೇರೆ ಇದೆ. ಕಾರಿಗೆ ಅದೂ ಇಲ್ಲ. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟವರು ಮ್ಯಾನುಯಲ್ ಮುಟ್ಟುವಂತಿಲ್ಲ.

ಮೊದಲು ಎಲ್ಲರೂ ಕಲಿಸುವ ಹಾಗೇ ಶುರುಮಾಡಿದೆ. ಎಡಗಾಲು ನಿಧಾನವಾಗಿ ಬಿಡು, ಬಲಗಾಲು ನಿಧಾನವಾಗಿ ಒತ್ತು. ಗಾಡಿ ಆಫ್ ಆಗುತ್ತದೆ ಅನ್ನೋ ಹೆದರಿಕೆಗೆ ಎಲ್ಲರೂ ರೇಸ್ ಜಾಸ್ತಿ ಕೊಟ್ಟರು. ಕೆಲವೇ ವಾರದಲ್ಲಿ ಸುಟ್ಟ ವಾಸನೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಲೇಬರ್ ಎಲ್ಲಾ ಸೇರಿ ಏಳೆಂಟು ಸಾವಿರ. ಸ್ಪೇರ್ ಪಾರ್ಟ್ಸಿಗೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಬಂದ ಖರ್ಚು ಬೇರೆ. ಆ ಪ್ಲೇಟೂ ಬೇಗ ಹೋಯಿತು. ಜೋರಾಗಿ ಎಳೆದೂ ಎಳೆದೂ ಗೇರ್ ಲಿಂಕೇಜಿನ (ಲಿವರನ್ನು ಗೇರ್ ಬಾಕ್ಸಿಗೆ ಜೋಡಿಸುವ ರಾಡುಗಳ) ಬುಷ್‌ಗಳು ಸವೆದವು. ಒಂದನೇ ಗೇರ್ ಅಂತ ಹಾಕಿದರೆ ಮೂರನೆಯದಕ್ಕೆ ಬೀಳುತ್ತಿತ್ತು.

ಆಮೇಲೆ ಒಬ್ಬರ ಸಲಹೆ ಕೇಳಿ, ಚಿಕ್ಕ ಮ್ಯಾನುಯಲ್ ಕಾರು ಬಾಡಿಗೆಗೆ ತಂದು, ಫ್ಲೋರ್ ಗೇರ್ ಕಲಿಸಿ ಆಮೇಲೆ ಫಿಯಟ್ಟಿಗೆ ಕೂರಿಸಿದೆ. ಅದಕ್ಕೊಂದು ನಾಲ್ಕು ಸಾವಿರ ಹೋಯಿತು. ಫಿಯಟ್ಟಿನಲ್ಲೂ ಕೈ ಕೆಳಗಡೆ ಹೋಗಿ ಗೇರ್ ಹುಡುಕುತ್ತಿತ್ತು, ಕಣ್ಣೂ ಅದರ ಹಿಂದೆ ಹೋಗುತ್ತಿತ್ತು. ಹ್ಯಾಂಡ್ ಗೇರ್ ಕಲಿಯುವವರಿಗೆ ಫ್ಲೋರ್ ಗೇರ್ ಬೇಡವೇ ಬೇಡ.

ಕೊನೆಗೆ ಕೆಲಸ ಮಾಡಿದ್ದು ಆಕ್ಸಿಲರೇಟರನ್ನು ಪೂರ್ತಿ ಮರೆಸಿದ್ದು. ಪ್ಲೇಟ್ ಸುಡುವುದು ಪೆಡಲ್ ಅರ್ಧ ಬಿಟ್ಟಿರುವ ಹಾಫ್ ಕ್ಲಚ್‌ನಿಂದಲ್ಲ, ಹಾಫ್ ಕ್ಲಚ್‌ನಲ್ಲಿ ರೇಸ್ ಕೊಡುವುದರಿಂದ. ಬರೀ ಐಡ್ಲಿಂಗ್‌ನಲ್ಲಿ ಕಾಲು ತಪ್ಪಿದರೆ ಎಂಜಿನ್ ನಿಲ್ಲುತ್ತದೆ, ಪ್ಲೇಟಿಗೆ ಅಂಥ ಪೆಟ್ಟು ಬೀಳಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗೆ ಹೋಗಲಿ. ಆಮೇಲೆ ಕಾರ್ಬೊರೇಟರಿನ ಸ್ಲೋ ಸ್ಕ್ರೂ ಸ್ವಲ್ಪ ಏರಿಸಿ. ಇನ್ನೂರು ಮುನ್ನೂರು ಆರ್‌ಪಿಎಂ ಜಾಸ್ತಿ ಆಗಬಹುದು, ನನ್ನದು ಕಿವಿಯ ಅಂದಾಜು. ಖಾಲಿ ಲೇಔಟಿನ ಸಮ ರಸ್ತೆಯಲ್ಲಿ ಒಂದನೇ ಗೇರ್ ಹಾಕಿಸಿ, ಕ್ಲಚ್ ಒಂದರಲ್ಲೇ ಗಾಡಿ ಕದಲಿಸಬೇಕು. ನಡಿಗೆಯ ವೇಗಕ್ಕೆ ಬಂದ ಕೂಡಲೇ ನಿಲ್ಲಿಸಿ, ಮತ್ತೆ ಅದೇ. ಗಂಟೆಗಟ್ಟಲೆ ಅದೇ. ಮಕ್ಕಳಿಗೆ ಬೇಜಾರಾಗುತ್ತದೆ, ಬಿಡಬಾರದು. ಕ್ಲಚ್ ಹಿಡಿಯುವ ಜಾಗ ಎಡಗಾಲಿಗೆ ಗೊತ್ತಾಗುವವರೆಗೂ ಬಲಗಾಲಿಗೆ ಬ್ರೇಕ್ ಬಿಟ್ಟು ಬೇರೆ ಕೆಲಸ ಇಲ್ಲ.

ಗೇರ್ ಅಭ್ಯಾಸ ಎಂಜಿನ್ ಆಫ್ ಮಾಡಿಯೇ. ಕಣ್ಣು ರಸ್ತೆ ಮೇಲೆ, ನಾನು ನಂಬರ್ ಕೂಗುವುದು, ಅವರು ಹಾಕುವುದು. ಮೂರರಿಂದ ಎರಡಕ್ಕೆ ಇಳಿಸುವಾಗ ಅಂಗೈ ಹೇಗೆ ತಿರುಗಿರಬೇಕು ಅನ್ನೋದಕ್ಕೆ ನನ್ನದೊಂದು ಪಟ್ಟು ಇದೆ. ಅದನ್ನು ಬರೆಯಲ್ಲ, ಪಕ್ಕದಲ್ಲಿ ಕೂತವರಿಗೆ ಮಾತ್ರ ತೋರಿಸುವುದು. ಈ ಗಾಡಿಯ ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಗೇರ್ ಕಿರುಗುಟ್ಟದೆ ಕೂರಿಸುವ ವ್ಯವಸ್ಥೆ, ಇಲ್ಲ. ಅದಕ್ಕೆ ಡಬಲ್ ಕ್ಲಚ್ ಬೇಕು, ಅಂದರೆ ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟು, ರೇಸ್ ಕೊಟ್ಟು, ಮತ್ತೆ ತುಳಿದು ಗೇರ್ ಹಾಕುವುದು. ಅದು ಇವರಿಗೆ ಬರಲ್ಲ ಅಂದುಕೊಂಡಿದ್ದೆ. ಎಂಜಿನ್ ಸದ್ದು ಕೇಳೋಕೆ ಕಲಿತ ಮೇಲೆ ಎರಡು ಭಾನುವಾರದಲ್ಲಿ ಬಂತು!

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮನೆಯಲ್ಲಿದ್ದ ಹಳೇ ಚೇತಕ್ ರೆಡಿ ಮಾಡಿಸಿ ಮೂವರಿಗೆ ಓಡಿಸಲು ಕೊಟ್ಟೆ. ಕ್ಲಚ್ಚೂ ಗೇರೂ ಎರಡೂ ಎಡಗೈಯಲ್ಲೇ ಅಲ್ವಾ? ಮೊದಲು ಕ್ಲಚ್, ಆಮೇಲೆ ಗೇರ್ ಅನ್ನೋದು ಆ ಕೈಗೆ ಬೇಗ ಹತ್ತಿತು. ಆದರೆ ಕಾಲಿಗೆ ಏನೂ ಬರಲಿಲ್ಲ. ಸ್ಪ್ಲೆಂಡರ್ ಓಡಿಸಿ ಬಂದವರೂ ಹಾಗೇ, ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಆದರೂ ಆಕ್ಟಿವಾದಿಂದ ನೇರ ಬಂದವರಿಗಿಂತ ಅರ್ಧ ಸಮಯ ಸಾಕಾಯಿತು.

ಬೆಟ್ಟ ಹತ್ತುವುದಕ್ಕಿಂತ ಇಳಿಯುವುದನ್ನು ಕಲಿಸುವುದು ಕಷ್ಟ. ಆಟೊಮ್ಯಾಟಿಕ್ ಮಕ್ಕಳು ಇಳಿಜಾರಿನುದ್ದಕ್ಕೂ ಬ್ರೇಕ್ ತುಳಿದೇ ಇರುತ್ತಾರೆ. ಈ ಗಾಡಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪೆಡಲ್ ಹಗುರ ಮಾಡುವ ಬೂಸ್ಟರ್ ಇಲ್ಲ. ಡ್ರಮ್ ಕಾದರೆ ಪೆಡಲ್ ಒತ್ತಿದರೂ ಗಾಡಿ ಕೇಳಲ್ಲ. ಹತ್ತಿದ ಗೇರಿನಲ್ಲೇ ಇಳಿಯಿರಿ ಅಂತ ನಮ್ಮ ಹಿರಿಯರು ಹೇಳಿದ್ದನ್ನೇ ಹೇಳುತ್ತೇನೆ. ಎರಡನೇ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯುವುದನ್ನು ಒಂದು ಸಲ ಅನುಭವಿಸಿದವರು ಆಮೇಲೆ ತಾವೇ ಗೇರ್ ಇಳಿಸುತ್ತಾರೆ.

ಒಟ್ಟು ಖರ್ಚು ಪೆಟ್ರೋಲ್ ಸೇರಿ ಮೂವತ್ತೈದು, ನಲವತ್ತು ಸಾವಿರ ಆಗಿರಬಹುದು. ಹೊಸ ವಿಧಾನ ಶುರುಮಾಡುವಾಗ ಹಾಕಿಸಿದ ಪ್ಲೇಟ್ ಇವತ್ತಿಗೂ ಅದೇ ಇದೆ. ಮೆಕ್ಯಾನಿಕ್ ಬಂದು ತಾವೇ ಏರಿನಲ್ಲಿ ನಿಲ್ಲಿಸಿ ನೋಡಿದರು. ಜಾರುತ್ತಿಲ್ಲ, ಇನ್ನೂ ಬಹಳ ಓಡುತ್ತದೆ ಅಂದರು. ಮಾರೋಕೆ ಇಟ್ಟಿದ್ದ ಗಾಡಿಗಳಲ್ಲಿ ಮೂರು ಮನೆಯಲ್ಲೇ ಉಳಿದಿವೆ, ಮಕ್ಕಳು ಓಡಿಸುತ್ತಿದ್ದಾರೆ. ನಾನು ಫೀಸ್ ತಗೊಳ್ಳಲ್ಲ. ಪೆಟ್ರೋಲ್ ಹಾಕಿಸಿದರೆ ಸಾಕು.

ಲಿಂಕೇಜಿನ ಬುಷ್ ಈಗ ನಾನೇ ಲೇತ್‌ನಲ್ಲಿ ಮಾಡಿಸುತ್ತೇನೆ. ಯಾವ ವಸ್ತುವಿನಲ್ಲಿ ಅಂತ ಕೇಳಬೇಡಿ, ಅಂಗಡಿಯದಕ್ಕಿಂತ ಜಾಸ್ತಿ ಬಾಳುತ್ತದೆ. ಬೇಕಾದವರು ಸವೆದ ಬುಷ್ ಬಿಚ್ಚಿ ಜೊತೆಗೇ ತನ್ನಿ. ಒಂದೊಂದು ಗಾಡಿಯ ರಾಡೂ ಒಂದೊಂದು ಥರ ಸವೆದಿರುತ್ತದೆ, ಅಳತೆ ಫೋನಿನಲ್ಲಿ ಹೇಳಿದರೆ ಕೂರಲ್ಲ.