ಒಂದು ಸಿನಿಮಾಗೆ ಒಂದೇ ಲಾಜಿಕ್ ದೂರು

ತಿಂಗಳಿಗೊಂದು ಶನಿವಾರ ನಮ್ಮ ಮನೆಯಲ್ಲಿ ಸಿನಿಮಾ ನೋಡುತ್ತೇವೆ. ನೋಡಿದ ಮೇಲೆ ಕೂತು ಮಾತಾಡುತ್ತೇವೆ. ಬೆಂಗಳೂರಿನ ಹನುಮಂತನಗರದಲ್ಲಿ ಮೊದಲ ಮಹಡಿ ಮನೆ, ಒತ್ತಿ ಕೂತರೆ ಹಾಲ್‌ನಲ್ಲಿ ಹನ್ನೊಂದು ಜನ ಹಿಡಿಯುತ್ತಾರೆ. ಶುರುವಾಗಿದ್ದು 2022ರಲ್ಲಿ. ಕೊರೊನಾ ಕಾಲದಲ್ಲಿ ಎಲ್ಲರೂ ಅವರವರ ಮೊಬೈಲ್‌ನಲ್ಲಿ ಒಬ್ಬೊಬ್ಬರೇ ನೋಡಿದ್ದೆವು. ನೋಡಿದ್ದನ್ನು ಹೇಳಿಕೊಳ್ಳಲು ಜನ ಇಲ್ಲದೆ ಬಾಯಿ ಕಟ್ಟಿಹೋಗಿತ್ತು.

ಮೊದಲ ಶನಿವಾರ ಹಾಕಿದ್ದು ಒಂದು ಇಂಗ್ಲಿಷ್ ಬಾಹ್ಯಾಕಾಶದ ಸಿನಿಮಾ. ನಮ್ಮ ಎದುರು ಮನೆ ಅಂಕಲ್ ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಹತ್ತನೇ ನಿಮಿಷಕ್ಕೆ ಅವರು ಶುರು ಮಾಡಿದರು. "ಅಲ್ಲಿ ಗಾಳಿನೇ ಇಲ್ಲ ಕಣ್ರೀ. ಢಂ ಅಂತ ಶಬ್ದ ಹೆಂಗೆ ಬರುತ್ತೆ?" ಮಾತು ಸರಿಯೇ. ಶಬ್ದ ಸಾಗಲು ಗಾಳಿಯೋ ನೀರೋ ಏನಾದರೂ ಬೇಕು. ಆದರೆ ಆ ಸಿನಿಮಾದಲ್ಲಿ ಢಂ ಎನ್ನುವುದು ನಲವತ್ತು ಸಲ ಇತ್ತು, ಅಂಕಲ್ ನಲವತ್ತು ಸಲವೂ ಹೇಳಿದರು. ಕೊನೆಗೆ ನಮ್ಮ ಭಾವ ತಡೆಯಲಾರದೆ, "ಸಾರ್, ಮ್ಯೂಟ್ ಮಾಡಿಬಿಡ್ಲಾ?" ಅಂದರು. ಅಂಕಲ್ ಎದ್ದು ಚಪ್ಪಲಿ ಹುಡುಕಲು ಹೋದರು. ಅಮ್ಮ ಬೋಂಡ ತಂದಿದ್ದರಿಂದ ಉಳಿದರು.

ಆಮೇಲೆ ಮಾತಿಗೆ ಕೂತಾಗ ನಾನು ಕೇಳಿದ ಪ್ರಶ್ನೆ, "ಹೇಗಿತ್ತು?" ಅದೇ ನಾನು ಮಾಡಿದ ದೊಡ್ಡ ತಪ್ಪು. ಒಬ್ಬರು ಸೂಪರ್ ಅಂದರು, ಒಬ್ಬರು ಬೋರ್ ಅಂದರು, ಒಬ್ಬರು ಪರವಾಗಿಲ್ಲ ಅಂದರು. ಸೂಪರ್ ಅಂದವರಿಗೂ ಬೋರ್ ಅಂದವರಿಗೂ ಮುಂದೆ ಮಾತಾಡಲು ಏನೂ ಇರಲಿಲ್ಲ, ಜಗಳ ಆಡಲು ಮಾತ್ರ ಇತ್ತು. ಸಿನಿಮಾ ಬಿಟ್ಟು ಅವರ ಹೀರೋ, ಇವರ ಹೀರೋ ಅಂತ ಎಲ್ಲೆಲ್ಲಿಗೋ ಹೋಯಿತು. ಹನ್ನೊಂದು ಗಂಟೆಗೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು.

ಎರಡನೇ ತಿಂಗಳು ಪ್ರಶ್ನೆ ಬದಲಾಯಿಸಿದೆ. "ಯಾವ ಸೀನ್‌ನಲ್ಲಿ ಮೊಬೈಲ್ ತೆಗೆದ್ರಿ?" ಇದಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ, ಯಾಕೆಂದರೆ ಪಕ್ಕದವರು ನೋಡಿರುತ್ತಾರೆ! ಭಾವ ತಮ್ಮ ದೇವರಂಥ ಹೀರೋ ಸಿನಿಮಾದಲ್ಲೇ ಮೂರು ಸಲ ಮೊಬೈಲ್ ತೆಗೆದಿದ್ದರು. ಎಲ್ಲಿ ಅಂತ ನೋಡಿದರೆ ಮೂರೂ ಸಲ ಹೀರೋಯಿನ್ ಅಪ್ಪ ಮಾತಾಡುವ ಸೀನ್. "ಹೌದಲ್ವಾ, ಆ ಮನುಷ್ಯ ಹೇಳಿದ್ದನ್ನೇ ಹೇಳ್ತಾನೆ" ಅಂತ ಅವರೇ ಅಂದರು. ಅಭಿಮಾನಕ್ಕೆ ಪೆಟ್ಟು ಬೀಳದೆ ಸಿನಿಮಾದ ತಪ್ಪು ಬಾಯಿಗೆ ಬಂದಿತ್ತು. ಇವತ್ತಿಗೂ ನಮ್ಮಲ್ಲಿ ಮೊದಲ ಪ್ರಶ್ನೆ ಅದೇ.

ಅಂಕಲ್ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಚೌಕಾಬಾರದ ಡಬ್ಬಿಯಲ್ಲಿ. ಬಾಗಿಲಲ್ಲೇ ಎಲ್ಲರ ಕೈಗೂ ಒಂದೊಂದು ಕವಡೆ ಕೊಡುತ್ತೇನೆ. ಒಂದು ಕವಡೆಗೆ ಒಂದು ಲಾಜಿಕ್ ದೂರು. ದೂರು ಹೇಳಿದರೆ ಕವಡೆ ಮಧ್ಯದ ತಟ್ಟೆಗೆ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಬೇಕು. ಇದರಿಂದ ಅಂಕಲ್ ಸುಮ್ಮನಾದರು ಅಂದುಕೊಳ್ಳಬೇಡಿ, ಲೆಕ್ಕಾಚಾರದವರಾದರು. ಸಣ್ಣಪುಟ್ಟದ್ದಕ್ಕೆಲ್ಲ ಕವಡೆ ಬಿಡದೆ, ಇಡೀ ಕಥೆ ನಿಂತಿರುವ ತಪ್ಪು ಯಾವುದು ಅಂತ ಕಾಯಲು ಶುರು ಮಾಡಿದರು.

ಹಾಗೆ ಕಾಯುತ್ತಾ ಅವರೇ ಒಂದು ವಿಷಯ ಕಂಡುಹಿಡಿದರು. ಸೈನ್ಸ್ ಫಿಕ್ಷನ್‌ನಲ್ಲಿ ನೋಡಬೇಕಾದ್ದು ವಿಜ್ಞಾನ ಸರಿಯೇ ಅಂತ ಅಲ್ಲ. ಸಿನಿಮಾ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯಿತೇ ಅಂತ. ಅದಕ್ಕೇ ಈಗ ಇಪ್ಪತ್ತನೇ ನಿಮಿಷಕ್ಕೆ ಸಿನಿಮಾ ನಿಲ್ಲಿಸುತ್ತೇವೆ. ಎಲ್ಲರೂ ಚೀಟಿಯಲ್ಲಿ ಒಂದೇ ಸಾಲು ಬರೆಯಬೇಕು, ಈ ಸಿನಿಮಾದ ನಿಯಮ ಏನು? 'ಇಂಟರ್‌ಸ್ಟೆಲ್ಲರ್' ಹಾಕಿದಾಗ ಇನ್ನೊಂದು ಸಲ, ನೀರು ತುಂಬಿದ ಗ್ರಹಕ್ಕೆ ಇಳಿಯುವ ಮೊದಲು ನಿಲ್ಲಿಸಬೇಕಾಯಿತು. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಅಣ್ಣನ ಮಗಳು ಎಂಜಿನಿಯರಿಂಗ್ ಓದುತ್ತಾಳೆ, ಅವಳು ನಗಾಡಿದಳು, ಇದು ಜಾಸ್ತಿ ಆಯ್ತು ಅಂತ. ಅಂಕಲ್ ಸಮಾಧಾನವಾಗಿ ಬಿಡಿಸಿ ಹೇಳಿದರು. ಭಾರಿ ತೂಕದ ಕಪ್ಪು ರಂಧ್ರದ ಹತ್ತಿರ ಕಾಲ ನಿಧಾನವಾಗುತ್ತದೆ, ಆ ಸಿನಿಮಾಗೆ ಸಲಹೆ ಕೊಟ್ಟ ಕಿಪ್ ಥಾರ್ನ್ ಅವರಿಗೆ 2017ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಮೇಲೆ ಹೀರೋ ವಾಪಸ್ ಬಂದು ಮಕ್ಕಳ ಹಳೆಯ ವಿಡಿಯೊ ನೋಡಿ ಅಳುವಾಗ ಹಾಲ್‌ನಲ್ಲಿ ಯಾರದೂ ಉಸಿರಿಲ್ಲ. ನಿಯಮ ಚೀಟಿಯಲ್ಲಿ ಬರೆದಿದ್ದರಿಂದಲೇ ಆ ಅಳು ನಮಗೆ ತಟ್ಟಿತು ಅಂತ ನನ್ನ ಲೆಕ್ಕ.

ಕನ್ನಡದಲ್ಲಿ ಇಂಥವು ಕಡಿಮೆ. ಇಲ್ಲವೇ ಇಲ್ಲ ಅನ್ನುವವರ ಜೊತೆ ಮಾತ್ರ ನಾನು ಜಗಳಕ್ಕೆ ನಿಲ್ಲುತ್ತೇನೆ. ಉಪೇಂದ್ರ ರೋಬೋಟ್ ಆಗಿದ್ದ 'ಹಾಲಿವುಡ್' ಬಂದಿದ್ದು 2002ರಲ್ಲಿ. ತಮಿಳಿನ ರೋಬೋಟ್ ಬಂದಿದ್ದು ಅದಾಗಿ ಎಂಟು ವರ್ಷಕ್ಕೆ. ಗ್ರಾಫಿಕ್ಸ್ ನೋಡಿ ಈಗಿನ ಮಕ್ಕಳು ನಗುತ್ತಾರೆ, ನಗಲಿ. 2024ರ 'ಬ್ಲಿಂಕ್' ನೋಡಿದಾಗ ಮಾತ್ರ ಯಾರೂ ನಗಲಿಲ್ಲ. ಕಣ್ಣಿನ ರೆಪ್ಪೆ ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಬೇರೆ ಕಾಲದಲ್ಲಿ ಇರಬಹುದು. ಎಂಥ ಅಗ್ಗದ ನಿಯಮ ನೋಡಿ! ಮೆಷಿನ್ ಬೇಡ, ಸೆಟ್ ಬೇಡ, ಕಣ್ಣು ಸಾಕು. ಆ ದಿನ ಅರ್ಧ ಜನ ಗೊತ್ತಿಲ್ಲದೆ ತಾವೂ ಕಣ್ಣು ಬಿಟ್ಟುಕೊಂಡೇ ಕೂತಿದ್ದರು. ಅಂಕಲ್ ಕವಡೆ ಅವರ ಕೈಯಲ್ಲೇ ಉಳಿಯಿತು.

ಆಕ್ಷನ್ ಸಿನಿಮಾಗಳ ಕಥೆ ಬೇರೆ. ಅಲ್ಲಿ ಭಾವ ರಾಜ. ಕವಡೆ ಕೇಳಿದರೆ, "ಫೈಟ್‌ಗೆ ಲಾಜಿಕ್ ಕೇಳ್ಬಾರ್ದು" ಅನ್ನುತ್ತಾರೆ. ಸರಿ, ಏನು ಕೇಳಬೇಕು ಹೇಳಿ ಅಂದರೆ ಅದೂ ಗೊತ್ತಿಲ್ಲ. ಒಂದು ಶನಿವಾರ ಅಂಕಲ್ ಹಳೆಯ ಸೇಡು ತೀರಿಸಿಕೊಂಡರು. "ಅವತ್ತು ಮ್ಯೂಟ್ ಮಾಡ್ಲಾ ಅಂದ್ರಲ್ಲ, ಇವತ್ತು ಮಾಡಿ." ಮಾಡಿದೆವು. ಶಬ್ದ ಇಲ್ಲದೆ ಫೈಟ್ ನೋಡಿದ್ದು ಅದೇ ಮೊದಲು. ಹಿನ್ನೆಲೆ ಸಂಗೀತ ಹೋಯಿತು, ಏಟಿನ ಸದ್ದು ಹೋಯಿತು. ಉಳಿದಿದ್ದು ಕೈಕಾಲು ಮಾತ್ರ. ನಾಲ್ಕು ನಿಮಿಷದ ಫೈಟ್‌ನಲ್ಲಿ ಹೀರೋ ಎಲ್ಲಿ ನಿಂತಿದ್ದಾನೆ, ಬಾಗಿಲು ಯಾವ ಕಡೆ ಇದೆ, ಎಷ್ಟು ಜನ ವಿಲನ್‌ಗಳು ಬಾಕಿ ಇದ್ದಾರೆ, ಒಂದೂ ತಿಳಿಯಲಿಲ್ಲ. ಕಣ್ಣಿಗೆ ಧೂಳು ಎರಚಿದ ಹಾಗೆ ಕಟ್ ಮೇಲೆ ಕಟ್. ಭಾವ ಮುಖ ಸಣ್ಣದು ಮಾಡಿಕೊಂಡರು.

ಅವತ್ತಿಂದ ಸ್ಲೇಟು ಬಂತು. ಒಂದು ಫೈಟ್ ಆರಿಸುವುದು, ಮ್ಯೂಟ್ ಮಾಡಿ ನೋಡುವುದು, ಮುಗಿದ ಮೇಲೆ ಯಾರು ಎಲ್ಲಿಂದ ಎಲ್ಲಿಗೆ ಹೋದರು ಅಂತ ಸ್ಲೇಟಿನಲ್ಲಿ ನಕ್ಷೆ ಬರೆಯುವುದು. ನಕ್ಷೆ ಬರೆಯಲು ಬಂದರೆ ಅದು ಒಳ್ಳೆಯ ಫೈಟ್. ಬರದಿದ್ದರೆ ಸಂಗೀತ ನಮ್ಮನ್ನು ಮೋಸ ಮಾಡಿದೆ. 1968ರ 'ಜೇಡರ ಬಲೆ' ಹಾಕಿದಾಗ ತಮಾಷೆ ಆಯಿತು. ರಾಜಕುಮಾರ್ ಸಿಐಡಿ 999 ಆಗಿ ಬರುವ ದೊರೈ-ಭಗವಾನ್ ಸಿನಿಮಾ. ಕ್ಯಾಮೆರಾ ಸ್ವಲ್ಪ ದೂರದಲ್ಲಿ ಸುಮ್ನೆ ನಿಂತಿರುತ್ತದೆ. ಏಟು ಬೀಳುವುದಿಲ್ಲ ಅನ್ನುವುದೂ ಕಾಣುತ್ತದೆ, ಆದರೆ ನಕ್ಷೆ ಮಾತ್ರ ಎರಡೇ ನಿಮಿಷದಲ್ಲಿ ಬರೆದು ಮುಗಿಯಿತು. ಪಕ್ಕದ ಬೀದಿಯ ಆಟೋ ಓಡಿಸುವ ಗೆಳೆಯರೊಬ್ಬರು ಬರುತ್ತಾರೆ. ಚೇಸ್ ಸೀನ್‌ಗಳಿಗೆ ಅವರೇ ಜಡ್ಜ್. ಗಾಂಧಿಬಜಾರ್‌ನಲ್ಲಿ ತಿರುಗಿದ ಕಾರು ಮುಂದಿನ ಶಾಟ್‌ನಲ್ಲಿ ಊರಾಚೆಯ ನೈಸ್ ರೋಡ್‌ನಲ್ಲಿ ಇದ್ದರೆ ಅವರ ಕವಡೆ ಠಣ್ ಅಂತ ತಟ್ಟೆಗೆ ಬೀಳುತ್ತದೆ.

ಒಂದು ದಿನ ಈ ಮಾತೆಲ್ಲ ತಣ್ಣಗಾಯಿತು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಸಿನಿಮಾಗೆ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರುವ ಸೀನ್ ಶೂಟಿಂಗ್‌ನಲ್ಲಿ ಖಳನಟರಾದ ಅನಿಲ್, ಉದಯ್ ಇಬ್ಬರೂ ಮುಳುಗಿ ತೀರಿಹೋಗಿದ್ದರು. ಭಾವ ಅದನ್ನು ಟಿವಿಯಲ್ಲಿ ನೋಡಿದ್ದನ್ನು ನೆನೆದು, "ನಾವು ಇಲ್ಲಿ ಕೂತು ಏಟು ಬಿದ್ದಂಗೆ ಕಾಣ್ಲಿಲ್ಲ ಅಂತೀವಿ" ಅಂದರು. ಅವತ್ತು ಸ್ಲೇಟು ಹಾಗೇ ಒರೆಸಿಟ್ಟೆ. ಈಗ ಏಟು ಸುಳ್ಳು ಅನ್ನುವ ದೂರಿಗೆ ನಮ್ಮಲ್ಲಿ ಕವಡೆ ನಡೆಯುವುದಿಲ್ಲ. ಸುಳ್ಳೇ ಇರಲಿ.

ನಡುವೆ ಎಡವಟ್ಟುಗಳೂ ಆದವು. ಎಸ್.ಪಿ. ರೋಡ್‌ಗೆ ಹೋಗಿ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ. ಅಪ್ಪನ ಬಿಳಿ ಪಂಚೆ ಪರದೆ ಆಯಿತು. ಮೂರನೇ ಸಿನಿಮಾದ ಕ್ಲೈಮ್ಯಾಕ್ಸ್‌ಗೆ ಸರಿಯಾಗಿ ಲ್ಯಾಂಪ್ ಹೋಯಿತು. ಪಂಚೆ ಮಡಚಿ ಟಿವಿಗೇ ಮರಳಿದೆವು. ಜನ ಜಾಸ್ತಿ ಬರುತ್ತಾರೆ, ಅಪಾರ್ಟ್‌ಮೆಂಟ್ ಹಾಲ್ ತಗೊಂಡು ತಲೆಗೆ ಐವತ್ತು ರೂಪಾಯಿ ಇಡೋಣ ಅಂತ ಒಬ್ಬರು ಹೇಳಿದರು. ಬೇಡ ಅಂದೆ. ಮನೆಗೆ ಅಂತ ತಗೊಂಡ ಓಟಿಟಿಯನ್ನು ದುಡ್ಡು ತಗೊಂಡು ಊರಿಗೆಲ್ಲ ತೋರಿಸುವ ಹಾಗಿಲ್ಲ, ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಹೊಸ ಸಿನಿಮಾ ಆದರೆ ಊರ್ವಶಿ ಥಿಯೇಟರ್‌ಗೆ ಹೋಗುತ್ತೇವೆ. ಆಮೇಲೆ ಹತ್ತಿರದ ದರ್ಶಿನಿಯಲ್ಲಿ ಬೈಟು ಕಾಫಿ. ನಿಂತುಕೊಂಡು ಮಾತಾಡಿದರೆ ಇಪ್ಪತ್ತು ನಿಮಿಷಕ್ಕೆ ಕಾಲು ನೋಯುತ್ತದೆ. ಸಿನಿಮಾ ಚರ್ಚೆಗೆ ಅಷ್ಟೇ ಸಾಕು, ನನ್ನ ಕೇಳಿದರೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಕಾಮಿಡಿ. ನಕ್ಕೆವು, ಮುಗಿಯಿತು. ಯಾಕೆ ನಕ್ಕಿರಿ ಅಂತ ಕೇಳಿದರೆ ಆ ಜೋಕನ್ನೇ ಮತ್ತೆ ಹೇಳುತ್ತಾರೆ. ಎರಡನೇ ಸಲಕ್ಕೆ ಅದು ಸತ್ತಿರುತ್ತದೆ. ಏನು ಮಾಡುವುದು ಅಂತ ಯೋಚಿಸಿ ಹುಣಸೆ ಬೀಜ ತಂದೆ. ಎಲ್ಲರ ಮುಂದೆ ಒಂದು ಸ್ಟೀಲ್ ಲೋಟ, ಒಂದು ಹಿಡಿ ಬೀಜ. ಬಾಯಿ ಬಿಟ್ಟು ನಕ್ಕರೆ ಒಂದು ಬೀಜ ಲೋಟಕ್ಕೆ. ಮೊದಲ ಸಲ ಪೂರ್ತಿ ಕೆಟ್ಟಿತು. ಒಬ್ಬರ ಲೋಟ ಟಣ್ ಅಂದರೆ ಆ ಸದ್ದಿಗೇ ಉಳಿದವರು ನಗುತ್ತಿದ್ದರು, ಅವರ ಲೋಟವೂ ಟಣ್. ಸಿನಿಮಾ ಯಾರು ನೋಡಿದರು! ಮುಂದಿನ ತಿಂಗಳು ಲೋಟದ ತಳಕ್ಕೆ ಬಟ್ಟೆ ಹಾಕಿದೆ.

ಆಮೇಲೆ ಲೆಕ್ಕ ಸಿಗತೊಡಗಿತು. ಅಣ್ಣನ ಮಗಳು ಒಂದು ಸಿನಿಮಾವನ್ನು ಹಿಂದಿನ ವಾರ ಮೊಬೈಲ್‌ನಲ್ಲಿ ಒಬ್ಬಳೇ ನೋಡಿ ಆರು ಸಲ ನಕ್ಕಿದ್ದಳು. ಅದೇ ಸಿನಿಮಾ, ಅದೇ ಹುಡುಗಿ, ನಮ್ಮ ಹಾಲ್‌ನಲ್ಲಿ ಇಪ್ಪತ್ತೆಂಟು ಬೀಜ. ಎರಡನೇ ಸಲ ನೋಡಿದರೂ ಜಾಸ್ತಿ! ಬೀಜ ಜಾಸ್ತಿ ಬಿದ್ದ ಸಿನಿಮಾ ಒಳ್ಳೆಯದು ಅಂತಲೂ ಇಲ್ಲ. ಬುಧವಾರ ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾವ ಸೀನ್ ನೆನಪಿದೆ ಅಂತ ಕೇಳುತ್ತೇನೆ. ನಲವತ್ತು ಬೀಜದ ಸಿನಿಮಾದಲ್ಲಿ ಒಂದೂ ನೆನಪಿರದ ಬುಧವಾರಗಳಿವೆ. ಇನ್ನೊಂದು, ದಪ್ಪ ಹೆಂಗಸನ್ನು ಗೇಲಿ ಮಾಡುವ ಒಂದು ಹಳೆಯ ಸಿನಿಮಾದಲ್ಲಿ ಗಂಡಸರ ಲೋಟ ತುಂಬಿತ್ತು, ನಮ್ಮ ಹೆಂಗಸರದು ಖಾಲಿ. ಯಾರೂ ಭಾಷಣ ಮಾಡಲಿಲ್ಲ. ಲೋಟಗಳನ್ನು ಸಾಲಾಗಿ ಇಟ್ಟೆ ಅಷ್ಟೇ. ಭಾವ ಸ್ವಲ್ಪ ಹೊತ್ತು ನೋಡಿ, "ಇದು ಸರಿ ಹೋಗ್ಲಿಲ್ಲ ಬಿಡು" ಅಂದರು.

ಟೈಮಿಂಗ್ ಅನ್ನುವ ಪದ ಎಲ್ಲರೂ ಬಳಸುತ್ತಾರೆ. ನನಗೆ ಅದು ಅರ್ಥ ಆಗಿದ್ದು ಟಿ.ಎನ್. ಬಾಲಕೃಷ್ಣ ಅವರಿಂದ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತು ಹೇಳುತ್ತಿದ್ದರು. ಅದು ಗೊತ್ತಾದ ಮೇಲೆ ಅವರ ಸೀನ್‌ಗಳಲ್ಲಿ ಕಣ್ಣು ಮಾತ್ರ ನೋಡಿದೆ. ಎದುರಿನವರನ್ನು ಅಷ್ಟು ಗಮನವಿಟ್ಟು ನೋಡುವ ನಟರು ಕಡಿಮೆ. ನಗು ಬರುವುದು ಅವರ ಮಾತಿಗಿಂತ ಮೊದಲು, ಆ ನೋಟಕ್ಕೆ. ಕೇಳಿಸಿಕೊಳ್ಳುವುದು ಅಂದರೆ ಕಿವಿಯ ಕೆಲಸ ಅಂದುಕೊಂಡಿದ್ದೆ.

ಹೋದ ತಿಂಗಳು 'ಗಣೇಶನ ಮದುವೆ' ಹಾಕಿದೆವು. 1990ರ ಸಿನಿಮಾ, ಅನಂತನಾಗ್, ವಿನಯಾ ಪ್ರಸಾದ್. ವಠಾರದಲ್ಲಿ ದಿನಾ ಜಗಳ ಆಡುವ ಹುಡುಗಿಯೇ ತಾನು ಮೆಚ್ಚಿ ಪತ್ರ ಬರೆಯುವ ಗಾಯಕಿ ಅಂತ ಗಣೇಶನಿಗೆ ಗೊತ್ತಿಲ್ಲ. ನಮಗೆ ಗೊತ್ತು. ಅಂಕಲ್ ಚೀಟಿಯಲ್ಲಿ ಇದನ್ನೂ ನಿಯಮ ಅಂತಲೇ ಬರೆದಿದ್ದರು, "ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ." ಸೈನ್ಸ್ ಫಿಕ್ಷನ್ ಚೀಟಿ ಕಾಮಿಡಿಗೂ ಕೆಲಸ ಮಾಡಿತು ಅಂತ ಅವರಿಗೆ ಸಂಭ್ರಮ.

ಅಮ್ಮ ಯಾವತ್ತೂ ಪೂರ್ತಿ ಕೂರುವವರಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತೇ ನೋಡುತ್ತಾರೆ. ಅವತ್ತು ಅವರಿಗೂ ಒಂದು ಲೋಟ ಕೊಟ್ಟಿದ್ದೆ. ಕೊನೆಗೆ ಎಣಿಸಿದರೆ ನನ್ನದು ಹತ್ತೊಂಬತ್ತು, ಭಾವನದು ಇಪ್ಪತ್ತಾರು, ಅಮ್ಮನದು ನಲವತ್ತೊಂದು. ನಾವು ಯಾರೂ ನಗದ ಕಡೆಯೆಲ್ಲ ಅಮ್ಮ ನಕ್ಕಿದ್ದರು. ಎಲ್ಲಿ ಅಂತ ಕೇಳಿದೆ. ಮುಖ್ಯಮಂತ್ರಿ ಚಂದ್ರು ಮನೆ ಓನರ್ ಆಗಿ ಪರದೆ ಮೇಲೆ ಬಂದಾಗಲೆಲ್ಲ ಅಂತೆ. ಮಾತಾಡುವ ಮೊದಲೇ, ಬಂದ ಕೂಡಲೇ.

"ಶ್ರೀರಾಮಪುರದಲ್ಲಿ ಎಂಟು ಮನೆಗೆ ಒಂದೇ ನಲ್ಲಿ ಇತ್ತಲ್ಲೇ," ಅಂದರು ಅಮ್ಮ. "ಆ ಓನರ್ ಬಾಗಿಲು ತೆಗೆದ್ರೆ ಸಾಕು, ನಾವು ಬಿಂದಿಗೆ ಬಿಟ್ಟು ಓಡ್ತಿದ್ವಿ. ಥೇಟ್ ಹಂಗೇ ಇದಾನೆ."

ಅಂಕಲ್ ಪಕ್ಕಕ್ಕೆ ಸರಿದು ಅಮ್ಮನಿಗೆ ಕುರ್ಚಿ ಬಿಟ್ಟರು. ಆ ನಲ್ಲಿ ಕಥೆ ಮುಗಿಯುವಾಗ ಹನ್ನೊಂದೂ ಕಾಲು. ಕೆಳಗಿನ ಮನೆಯವರು ಮತ್ತೆ ಬಾಗಿಲು ತಟ್ಟಿದರು, ಒಳಗೆ ಬಂದು ಕೂತರು.