ಅಮೆರಿಕದ ದ್ವೀಪಗಳನ್ನು ಸರಿಯಾದ ಮನೆಗೆ ಹಾಕುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ನೋಟ್ಸ್ ಆಗಾಗ ನೋಡುತ್ತೇನೆ. ಅಮೆರಿಕದ ‘ಟೆರಿಟರಿ’ಗಳು, ಅಂದರೆ ರಾಜ್ಯವಾಗದೆ ಅಮೆರಿಕದ ಆಳ್ವಿಕೆಯಲ್ಲಿರುವ ಪ್ರದೇಶಗಳು ಅಂತ ಗುವಾಮ್, ಪಲಾವ್, ಹವಾಯಿ ಎಲ್ಲವೂ ಒಂದೇ ಪಟ್ಟಿಯಲ್ಲಿ! ಒಂದು ಹಾಳೆ ತೆಗೆದುಕೊಂಡು ನಾಲ್ಕು ಮನೆ ಗೆರೆ ಹಾಕಿ. ಪೆನ್ಸಿಲ್ಲೇ ಇರಲಿ, ಅಳಿಸುವ ಕೆಲಸ ಬಂದೇ ಬರುತ್ತದೆ.

ಮೊದಲು ಸಂಬಂಧವಿಲ್ಲದವನ್ನು ಹೊರಗಿಡಿ. ಹವಾಯಿ 1959ರಿಂದ ರಾಜ್ಯ. ಪಲಾವ್, ಮಾರ್ಷಲ್ ದ್ವೀಪಗಳು, ಮೈಕ್ರೋನೇಷ್ಯಾ ಸ್ವತಂತ್ರ ದೇಶಗಳು. ಅಮೆರಿಕದ ಜೊತೆ ಒಪ್ಪಂದ ಇದೆ, ಅಷ್ಟೇ.

ಆಮೇಲೆ ಜನವಸತಿ ಇರುವ ಐದನ್ನು ಬರೆದುಕೊಳ್ಳಿ: ಪೋರ್ಟೊ ರಿಕೊ, ಗುವಾಮ್, ವರ್ಜಿನ್ ಐಲ್ಯಾಂಡ್ಸ್, ಉತ್ತರ ಮರಿಯಾನಾ, ಅಮೆರಿಕನ್ ಸಮೋವಾ.

ಎಲ್ಲರೂ ಎಡವುವುದು ಇನ್ನು ಮುಂದೆ. ಕೇಳಬೇಕಾದ್ದು ಎರಡು ಬೇರೆ ಬೇರೆ ಪ್ರಶ್ನೆ. ಒಂದೊಂದಕ್ಕೂ ಹೌದು ಅಥವಾ ಇಲ್ಲ, ಹಾಗಾಗಿಯೇ ನಾಲ್ಕು ಮನೆ. ಜನ ಎರಡನ್ನೂ ಕಲಸಿಬಿಡುತ್ತಾರೆ.

ಒಂದು, ಅಮೆರಿಕದ ಸಂವಿಧಾನ ಅಲ್ಲಿ ಪೂರ್ತಿ ಅನ್ವಯಿಸುತ್ತದೆಯೇ? ಹೌದಾದರೆ ಅದು ‘ಇನ್‌ಕಾರ್ಪೊರೇಟೆಡ್’. ಇಲ್ಲವಾದರೆ ‘ಅನ್‌ಇನ್‌ಕಾರ್ಪೊರೇಟೆಡ್’. ಈ ಐದೂ ಎರಡನೆಯ ಬಗೆಯವೇ. ಇದರ ಬೇರು ಇರುವುದು ಕಿತ್ತಳೆ ಹಣ್ಣಿನಲ್ಲಿ. 1898ರ ಯುದ್ಧದಲ್ಲಿ ಸ್ಪೇನ್ ಸೋತು ಪೋರ್ಟೊ ರಿಕೊ ಅಮೆರಿಕದ ಕೈಸೇರಿತು. ಅಲ್ಲಿಂದ ನ್ಯೂಯಾರ್ಕಿಗೆ ಬಂದ ಕಿತ್ತಳೆಗೆ 659 ಡಾಲರ್ ಚಿಲ್ಲರೆ ಸುಂಕ ಹಾಕಿದರು. ನಮ್ಮದೇ ದೇಶದ ಹಣ್ಣಿಗೆ ಸುಂಕ ಯಾಕೆ ಅಂತ ವ್ಯಾಪಾರಿ ಕೋರ್ಟಿಗೆ ಹೋದ. 1901ರಲ್ಲಿ ಸುಪ್ರೀಂ ಕೋರ್ಟ್ ಸುಂಕವನ್ನು ಎತ್ತಿಹಿಡಿಯಿತು. ದ್ವೀಪ ಅಮೆರಿಕಕ್ಕೆ ಸೇರಿದ್ದು ನಿಜ, ಆದರೆ ಅಮೆರಿಕದ ಭಾಗವಾಗಿ ಬೆರೆತಿಲ್ಲ ಎಂಬ ವಾದ ಹುಟ್ಟಿದ್ದು ಅಲ್ಲಿ.

ಎರಡು, ಅಲ್ಲಿನ ಆಡಳಿತಕ್ಕೆ ಅಮೆರಿಕದ ಕಾಂಗ್ರೆಸ್ ಕಾಯ್ದೆ ಮಾಡಿಕೊಟ್ಟಿದೆಯೇ? ಮಾಡಿದ್ದರೆ ‘ಆರ್ಗನೈಸ್ಡ್’. ಗುವಾಮ್‌ಗೆ 1950ರಲ್ಲಿ ಸಿಕ್ಕಿತು. ಅಮೆರಿಕನ್ ಸಮೋವಾಕ್ಕೆ ಇಂಥ ಕಾಯ್ದೆ ಇಲ್ಲ, ಹಾಗಾಗಿ ಅದು ‘ಅನ್‌ಆರ್ಗನೈಸ್ಡ್’. ಹಾಗಂತ ಅಲ್ಲಿ ಹೇಳುವವರು ಕೇಳುವವರು ಇಲ್ಲ ಅಂತಲ್ಲ. ತನ್ನದೇ ಸಂವಿಧಾನವಿದೆ, ಚುನಾಯಿತ ಗವರ್ನರ್ ಇದ್ದಾರೆ.

‘ಇನ್‌ಕಾರ್ಪೊರೇಟೆಡ್’ ಮನೆ ಖಾಲಿ ಉಳಿಯಿತು ಅಂತ ಗಾಬರಿ ಬೇಡ. ಅಲ್ಲಿ ‘ಅನ್‌ಆರ್ಗನೈಸ್ಡ್’ ಕಡೆಗೆ ಪಲ್ಮೈರಾ ಎಂಬ ಪುಟ್ಟ ದ್ವೀಪವನ್ನು ಬರೆಯಿರಿ. ಅದು ಹವಾಯಿ ಟೆರಿಟರಿಯ ಭಾಗವಾಗಿತ್ತು. ಹವಾಯಿ ರಾಜ್ಯವಾದಾಗ ಇದನ್ನು ಬಿಟ್ಟರು. ಖಾಯಂ ನಿವಾಸಿಗಳೇ ಇಲ್ಲದ ಹವಳದ ದಿಬ್ಬಕ್ಕೆ ಪೂರ್ತಿ ಸಂವಿಧಾನ, ಲಕ್ಷಾಂತರ ಜನರ ಪೋರ್ಟೊ ರಿಕೊಗೆ ಅರೆಬರೆ!

‘ಕಾಮನ್‌ವೆಲ್ತ್’ ಅಂತ ಇನ್ನೊಂದು ಮನೆ ಮಾತ್ರ ಹಾಕಬೇಡಿ. ಪೋರ್ಟೊ ರಿಕೊಗೂ ಉತ್ತರ ಮರಿಯಾನಾಕ್ಕೂ ಆ ಹೆಸರಿದೆ, ಸರಿ. ಕೆಂಟಕಿ, ವರ್ಜಿನಿಯಾ ರಾಜ್ಯಗಳಿಗೂ ಇದೆಯಲ್ವಾ? ಆ ಮನೆ ಇರುವ ಬಣ್ಣಬಣ್ಣದ ಚಾರ್ಟ್ ಒಂದನ್ನು ದುಡ್ಡು ಕೊಟ್ಟು ತಂದಿದ್ದೆ. ಈಗ ಅದು ಕಪಾಟಿನ ತಳಕ್ಕೆ ಹಾಸಿದೆ.

ಕೊನೆಗೆ ಅಂಚಿನಲ್ಲಿ ಪೌರತ್ವ ಗುರುತು ಮಾಡಿ. ನಾಲ್ಕು ಕಡೆ ಹುಟ್ಟಿದವರು ಅಮೆರಿಕದ ಪ್ರಜೆಗಳು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ‘ನ್ಯಾಷನಲ್’ ಮಾತ್ರ, ಅಂದರೆ ಅಮೆರಿಕಕ್ಕೆ ಸೇರಿದವರು, ಆದರೆ ಪೌರತ್ವ ಇಲ್ಲ. ಐದೂ ಕಡೆಯ ನಿವಾಸಿಗಳಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಓಟಿಲ್ಲ. ಗುವಾಮ್‌ನವರು ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸಿದರೆ ಓಟು ಹಾಕಬಹುದು. ಅಮೆರಿಕನ್ ಸಮೋವಾದವರು ಮೊದಲು ಪೌರತ್ವಕ್ಕೆ ಅರ್ಜಿ ಹಾಕಬೇಕು.