ಕೈಯಲ್ಲಿ ತಿರುಗಿಸುವ ವಾಲ್ವ್ ಮಾತ್ರ ಇರುವ ರೇಡಿಯೇಟರ್ ಮುಚ್ಚಿದ್ದು: ನನ್ನ ಅನುಭವ

2022ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಗ್ಯಾಸು, ಕರೆಂಟಿನ ದರ ಮತ್ತೆ ಏರಿತು. ಸರ್ಕಾರ ನಡುವೆ ಬಂದು ತಡೆ ಹಾಕಿದ ಮೇಲೂ ಸಾಧಾರಣ ಮನೆಯೊಂದಕ್ಕೆ ವರ್ಷಕ್ಕೆ 2,500 ಪೌಂಡ್ ಖರ್ಚಿನ ಲೆಕ್ಕ. ಆ ಚಳಿಗಾಲದಲ್ಲಿ ನನ್ನ ಹೆಂಡತಿ ಕೇಳಿದಳು: "ರೀ, ಯಾರೂ ಮಲಗದ ರೂಮನ್ನ ದಿನಾ ಯಾಕೆ ಕಾಯಿಸ್ತಿದೀವಿ?" ಲೀಡ್ಸ್‌ನಲ್ಲಿ ನಾವಿರುವುದು ಹಳೆಯ ಸಾಲುಮನೆ. ಮೇಲಿನ ಸಣ್ಣ ರೂಮು ಊರಿಂದ ಯಾರಾದರೂ ಬಂದಾಗ ಮಾತ್ರ ಬಳಕೆಗೆ ಬರುತ್ತದೆ. ಅಲ್ಲಿನ ರೇಡಿಯೇಟರ್, ಅಂದರೆ ಒಳಗೆ ಬಿಸಿನೀರು ಹರಿದು ರೂಮನ್ನು ಕಾಯಿಸುವ ಗೋಡೆಯ ಲೋಹದ ಪೆಟ್ಟಿಗೆ, ಮುಚ್ಚುವುದೆಂದು ತೀರ್ಮಾನವಾಯಿತು.

ಈಗಿನ ಮನೆಗಳಲ್ಲಿ ರೇಡಿಯೇಟರ್ ಪಕ್ಕದಲ್ಲೇ 1ರಿಂದ 5ರವರೆಗೆ ಅಂಕಿ ಬರೆದ, ರೂಮಿನ ಬಿಸಿಗೆ ತಕ್ಕಂತೆ ತಾನಾಗಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ವಾಲ್ವ್ ಇರುತ್ತದೆ. ನಮ್ಮಲ್ಲಿ ಅದಿಲ್ಲ. ಒಂದು ತುದಿಯಲ್ಲಿ ಕೈಯಿಂದ ತಿರುಗಿಸುವ ಪ್ಲಾಸ್ಟಿಕ್ ಚಕ್ರ, ಅದಕ್ಕೆ ವೀಲ್‌ಹೆಡ್ ಅನ್ನುತ್ತಾರೆ. ಇನ್ನೊಂದು ತುದಿಯಲ್ಲಿ ಸುಮ್ಮನೆ ಗಿರಗಿರ ತಿರುಗುವ, ಏನೂ ಕೆಲಸ ಮಾಡದ ಬಿಳಿ ಮುಚ್ಚಳ. ಅದನ್ನು ಎಳೆದು ತೆಗೆದರೆ ಒಳಗೆ ಹಿತ್ತಾಳೆಯ ಕಡ್ಡಿ ಕಾಣುತ್ತದೆ. ಅದು ಲಾಕ್‌ಶೀಲ್ಡ್, ಸ್ಪ್ಯಾನರ್ ಹಾಕಿಯೇ ತಿರುಗಿಸಬೇಕು. ಬಾಯ್ಲರಿನಿಂದ ಬಿಸಿನೀರು ಒಂದು ತುದಿಯಲ್ಲಿ ಒಳಬಂದು ಇನ್ನೊಂದು ತುದಿಯಲ್ಲಿ ಹೊರಹೋಗುತ್ತದೆ. ಯಾವುದನ್ನು ಮುಚ್ಚಿದರೂ ಹರಿವು ನಿಲ್ಲುತ್ತದೆ. ಹಾಗಂತ ಯಾವುದನ್ನಾದರೂ ಮುಚ್ಚಬಹುದು ಎಂದಲ್ಲ, ನಾನು ಒತ್ತಿ ಹೇಳಬೇಕಾದ ಮಾತು ಇದೇ.

ಬರೀ ಬಿಸಿ ಬೇಡ ಅಂದರೆ ವೀಲ್‌ಹೆಡ್ ಒಂದನ್ನೇ ಮುಚ್ಚಿ. ಲಾಕ್‌ಶೀಲ್ಡ್ ಮುಟ್ಟಬೇಡಿ. ಮನೆಯ ಎಲ್ಲ ರೇಡಿಯೇಟರ್‌ಗಳಿಗೂ ಬಿಸಿನೀರು ಸರಿಯಾಗಿ ಹಂಚಿಹೋಗಲಿ ಎಂದು ಅಳವಡಿಸುವಾಗಲೇ ಲಾಕ್‌ಶೀಲ್ಡನ್ನು ಒಂದೊಂದು ಕಡೆ ಒಂದೊಂದು ಅಳತೆಗೆ ತೆರೆದಿಟ್ಟಿರುತ್ತಾರೆ. ಬಾಯ್ಲರಿಗೆ ಹತ್ತಿರವಿರುವುದನ್ನು ಬಿಗಿಯಾಗಿ, ದೂರದ್ದನ್ನು ಸಡಿಲವಾಗಿ. ಕಾಲುವೆಯ ಮೇಲಿನ ಗದ್ದೆಯವರು ತೂಬು ಪೂರ್ತಿ ತೆಗೆದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲವಲ್ಲ, ಇಲ್ಲಿಯೂ ಅದೇ ನ್ಯಾಯ. ಲಾಕ್‌ಶೀಲ್ಡ್ ಮುಚ್ಚಿ, ವಸಂತದಲ್ಲಿ ಅಂದಾಜಿನ ಮೇಲೆ ಪೂರ್ತಿ ತೆರೆದರೆ ಈ ರೂಮು ಕುದಿಯುತ್ತದೆ, ದೂರದ ರೂಮು ತಣ್ಣಗೆ ಕೂರುತ್ತದೆ.

ಮೊದಲು ಬಾಯ್ಲರ್ ಆರಿಸಿ, ಪೈಪು ಕೈಗೆ ತಣ್ಣಗಾಗುವವರೆಗೂ ಬಿಟ್ಟೆ. ಆಮೇಲೆ ಚಕ್ರವನ್ನು ಬಲಕ್ಕೆ ತಿರುಗಿಸುತ್ತ ಹೋದೆ. ಕೈಬಲಕ್ಕೆ ಎಲ್ಲಿ ನಿಂತಿತೋ ಅಲ್ಲಿಗೆ ಸಾಕು. ಇನ್ನೂ ಬಿಗಿಯಾಗಲಿ ಎಂದು ಪ್ಲೇಯರ್ ಹಾಕಿ ತಿರುಚಿದರೆ ಒಳಗಿನ ವಾಷರ್ ಹಾಳಾಗುತ್ತದೆ.

ವರ್ಷಗಟ್ಟಲೆ ಅಲುಗದೇ ಇದ್ದ ವಾಲ್ವ್ ಅಲುಗಿದಾಗ ಒಂದು ತೊಂದರೆ ಬರುವುದುಂಟು, ನಮಗೂ ಬಂತು. ಚಕ್ರದ ಕೆಳಗೆ, ಕಡ್ಡಿ ಹೊರಬರುವ ಜಾಗದಲ್ಲಿ ಒಂದು ಹನಿ ಹೊಳೆಯಿತು. ಒರೆಸಿದೆ, ಸ್ವಲ್ಪ ಹೊತ್ತಿಗೆ ಮತ್ತೆ ಅಷ್ಟೇ ದಪ್ಪದ ಹನಿ. ಚಕ್ರದ ಮೇಲಿನ ಸ್ಕ್ರೂ ಬಿಚ್ಚಿ ತೆಗೆದರೆ ಕಡ್ಡಿಯ ಸುತ್ತ ಚಿಕ್ಕ ನಟ್ ಕಾಣುತ್ತದೆ, ಅದು ಗ್ಲ್ಯಾಂಡ್ ನಟ್. ಒಂದು ಸ್ಪ್ಯಾನರಿನಿಂದ ವಾಲ್ವಿನ ಮೈಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಆ ನಟ್ಟನ್ನು ಕಾಲು ಸುತ್ತಿಗಿಂತ ಕಮ್ಮಿ ಬಿಗಿ ಮಾಡಿದೆ. ಎರಡನೇ ಸ್ಪ್ಯಾನರ್ ಬೇಕೇ ಬೇಕು, ಇಲ್ಲದಿದ್ದರೆ ಕೆಳಗಿನ ತಾಮ್ರದ ಪೈಪಿನ ಜಾಯಿಂಟ್ ಮೇಲೆ ಭಾರ ಬೀಳುತ್ತದೆ. ಟಿಶ್ಯೂ ಪೇಪರ್ ಸುತ್ತಿ ರಾತ್ರಿಯೆಲ್ಲ ಬಿಟ್ಟೆ, ಬೆಳಿಗ್ಗೆ ಒಣಗಿಯೇ ಇತ್ತು.

ಮುಚ್ಚಿದ್ದು ಸರಿಯಾಗಿದೆಯೋ ಇಲ್ಲವೋ ಕೈಯೇ ಹೇಳುತ್ತದೆ. ಹೀಟಿಂಗ್ ಹಾಕಿ ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ, ರೇಡಿಯೇಟರಿನ ಮೈ ತಣ್ಣಗಿರಬೇಕು. ಉಗುರುಬೆಚ್ಚಗಿದ್ದರೆ ವಾಷರ್ ಸವೆದು ನೀರು ನುಸುಳುತ್ತಿದೆ ಎಂದರ್ಥ. ಆಗ ಮಾತ್ರ ಲಾಕ್‌ಶೀಲ್ಡಿಗೆ ಕೈಹಾಕಬೇಕು, ಅದೂ ಸುತ್ತು ಎಣಿಸಿಕೊಂಡು.

ಯಾವ ರೇಡಿಯೇಟರ್ ಮುಚ್ಚಬಾರದು ಎಂಬುದೂ ಮುಖ್ಯ. ಮನೆಯ ಬಿಸಿ ನೋಡಿ ಬಾಯ್ಲರನ್ನು ಹತ್ತಿಸಿ ಆರಿಸುವ ಗೋಡೆಯ ಥರ್ಮೋಸ್ಟಾಟ್ ಎಲ್ಲಿದೆಯೋ ಅಲ್ಲಿಯದನ್ನು ಮುಚ್ಚಿದರೆ ಆ ಜಾಗ ಬಿಸಿಯಾಗುವುದೇ ಇಲ್ಲ, ಬಾಯ್ಲರ್ ಉರಿಯುತ್ತಲೇ ಇರುತ್ತದೆ. ನಮ್ಮಲ್ಲಿ ಅದು ಬಾಗಿಲ ಬಳಿಯ ಹಜಾರ. ಇನ್ನು ಬಚ್ಚಲುಮನೆಯ ರೇಡಿಯೇಟರ್. ಉಳಿದವೆಲ್ಲ ಮುಚ್ಚಿದ್ದರೂ ಪಂಪಿನ ನೀರಿಗೆ ಒಂದು ದಾರಿ ಇರಲಿ ಎಂದು ಬಹಳ ಮನೆಗಳಲ್ಲಿ ಅದನ್ನು ಸದಾ ತೆರೆದಿಟ್ಟಿರುತ್ತಾರೆ. ಇವೆರಡನ್ನೂ ನಾನು ಮುಟ್ಟಿಲ್ಲ.

ಮುಂದೆ ಅದೇ ರೂಮಿಗೆ ಬಣ್ಣ ಹೊಡೆಯುವಾಗ ರೇಡಿಯೇಟರನ್ನೇ ಗೋಡೆಯಿಂದ ಇಳಿಸಬೇಕಾಯಿತು. ಆಗ ಎರಡೂ ಕಡೆ ಮುಚ್ಚಲೇಬೇಕು. ಲಾಕ್‌ಶೀಲ್ಡ್ ಒಂದೂಕಾಲು ಸುತ್ತಿಗೆ ಮುಚ್ಚಿಕೊಂಡಿತು. ಆ ಅಂಕಿಯನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಬಿಳಿ ಮುಚ್ಚಳದ ಒಳಗೆ ಅಂಟಿಸಿದೆ, ಇವತ್ತಿಗೂ ಅಲ್ಲೇ ಇದೆ. ಈ ಕೆಲಸಕ್ಕೆ ನಮ್ಮ ಹಳೇ ವಾಲ್ವೇ ಮೇಲು ಅನ್ನಿಸಿತು. ಥರ್ಮೋಸ್ಟಾಟ್ ವಾಲ್ವುಗಳು 1ಕ್ಕಿಂತ ಕೆಳಗಿನ ಹಿಮದ ಗುರುತಿನಲ್ಲಿದ್ದರೂ, ಪೈಪು ಹೆಪ್ಪುಗಟ್ಟದಿರಲಿ ಎಂದು ತೀರಾ ಚಳಿಯಲ್ಲಿ ತಾವಾಗಿ ತೆರೆದುಕೊಳ್ಳುತ್ತವೆ. ರೇಡಿಯೇಟರ್ ಬಿಚ್ಚಿಟ್ಟಿದ್ದಾಗ ಹಾಗಾದರೆ ನೆಲವೆಲ್ಲ ನೀರು. ಕೈಯಲ್ಲಿ ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತದೆ.

ಬಿಚ್ಚುವಾಗ ಅಗಲವಾದ ತಟ್ಟೆ, ಹಳೇ ಟವೆಲ್ಲು ಧಾರಾಳವಾಗಿರಲಿ. ನಟ್ ಸಡಿಲಿಸಿ ಮೇಲಿನ ಬ್ಲೀಡ್ ವಾಲ್ವ್ (ಗಾಳಿ ಬಿಡುವ ವಾಲ್ವ್) ತೆರೆದಾಗ ಬಂದದ್ದು ಕಪ್ಪುನೀರು. ಕಬ್ಬಿಣ ತುಕ್ಕಾಗಿ ಸಣ್ಣ ಪುಡಿಯಾಗಿ ನೀರಲ್ಲಿ ಸೇರಿರುತ್ತದೆ, ಕಾರ್ಪೆಟ್ಟಿಗೆ ಬಿದ್ದರೆ ಕಲೆ ಹೋಗುವುದು ಕಷ್ಟ. ಮತ್ತೆ ಕೂರಿಸಿ, ನೀರು ತುಂಬಿ, ಗಾಳಿ ಬಿಟ್ಟ ಮೇಲೆ ಬಾಯ್ಲರಿನ ಒತ್ತಡ ಇಳಿದಿತ್ತು. ನೀರು ಸೇರಿಸಿ ತಣ್ಣಗಿದ್ದಾಗ 1 ಬಾರ್‌ಗಿಂತ ಸ್ವಲ್ಪ ಮೇಲಕ್ಕೆ ತಂದೆ. ಚೆಲ್ಲಿದ ನೀರಿನ ಜೊತೆ ತುಕ್ಕು ತಡೆಯುವ ದ್ರಾವಣವೂ ಹೋಗಿರುತ್ತದೆ, ಅದನ್ನೂ ಹಾಕಿದೆ. ಬಾಡಿಗೆ ಮನೆಯಾದರೆ ಇಷ್ಟು ದೂರ ಹೋಗುವ ಮುಂಚೆ ಮಾಲೀಕರನ್ನು ಕೇಳಿಬಿಡಿ.

ನ್ಯೂಯಾರ್ಕಿನ ಹಳೇ ಅಪಾರ್ಟ್‌ಮೆಂಟಿನಲ್ಲಿರುವ ಗೆಳೆಯನಿಗೆ ಇದನ್ನೆಲ್ಲ ಹೇಳಿದರೆ, ಅವನದು ಬೇರೆಯೇ ಕಥೆ. ಅಲ್ಲಿ ಒಂದೇ ಪೈಪು, ಅದರಲ್ಲಿ ಹಬೆ. "ಲೋ, ಇಲ್ಲಿ ಪೂರ್ತಿ ತೆರೀಬೇಕು, ಇಲ್ಲಾ ಪೂರ್ತಿ ಮುಚ್ಚಬೇಕು ಮಾರಾಯ. ಅರ್ಧ ಇಟ್ರೆ ರಾತ್ರಿಯೆಲ್ಲ ಧಡಧಡ ಸದ್ದು" ಅಂದ. ನಿಜ, ಹಬೆ ಮೇಲೇರುವ ದಾರಿಯಲ್ಲೇ ತಣಿದ ನೀರು ಕೆಳಗಿಳಿಯಬೇಕು, ಅರ್ಧ ಮುಚ್ಚಿದರೆ ಅದು ಸಿಕ್ಕಿಬೀಳುತ್ತದೆ. ನಮ್ಮಂಥ ಬಿಸಿನೀರಿನ ವ್ಯವಸ್ಥೆಯಲ್ಲಿ ಅರ್ಧ ತೆರೆದರೂ ಅಡ್ಡಿಯಿಲ್ಲ.

ಉಳಿತಾಯದ ಬಗ್ಗೆ ದೊಡ್ಡ ಮಾತು ಆಡಲಾರೆ. ಪಕ್ಕದ ರೂಮಿನ ಬಿಸಿ ಗೋಡೆಯ ಮೂಲಕ ಇಲ್ಲಿಗೂ ಹರಿಯುತ್ತದೆ. ನನಗೆ ಹೆಚ್ಚು ಕಾಳಜಿ ಇರುವುದು ತೇವದ ವಿಷಯದಲ್ಲಿ. ನಮ್ಮ ಅಡುಗೆಯಲ್ಲಿ ಅನ್ನ, ಸಾರು, ಬೇಳೆ ಎಲ್ಲ ಕುದಿಯುವುದೇ. ಆ ಹಬೆ ತಣ್ಣನೆಯ ರೂಮಿಗೆ ನುಗ್ಗಿದರೆ ಗೋಡೆ ಬೆವರುತ್ತದೆ, ಬೀರುವಿನ ಹಿಂದೆ ಕಪ್ಪು ಬೂಷ್ಟು ಕೂರುತ್ತದೆ. ಆದ್ದರಿಂದ ಆ ರೂಮಿನ ಬಾಗಿಲು ಸದಾ ಮುಚ್ಚಿರುತ್ತೇವೆ, ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿದ್ದೇವೆ, ಅಲ್ಲಿ ಬಟ್ಟೆ ಒಣಗಿಸುವುದಿಲ್ಲ. ಹೊರಗೆ ಸೊನ್ನೆಗಿಂತ ಕೆಳಗಿಳಿದ ದಿನಗಳಲ್ಲಿ ಚಕ್ರವನ್ನು ಸ್ವಲ್ಪ ತೆರೆದಿಡುತ್ತೇನೆ. ಒಳಗೆ ನಿಂತ ನೀರು ಹೆಪ್ಪುಗಟ್ಟಿದರೆ ರೇಡಿಯೇಟರೇ ಒಡೆಯುತ್ತದೆ.

ಬೇಸಿಗೆಯಲ್ಲೊಮ್ಮೆ ಮನೆಯ ಎಲ್ಲ ಚಕ್ರಗಳನ್ನೂ ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಕಾಲು ಸುತ್ತು ಹಿಂದಕ್ಕೆ ತಂದು ಬಿಡುತ್ತೇನೆ. ಇದರಿಂದ ಅವು ಹಿಡಿದುಕೊಳ್ಳುವುದಿಲ್ಲ.